ಬೋಟಿನ ಕ್ಯಾಬಿನ್ ಒಳಗೆ ನಾವೇ ಮಾಡಿದ ಕುಶನ್ ಕೆಲಸ: ಒಂದು ಸೀಸನ್ ಕಳೆದ್ಮೇಲೆ ರಿವ್ಯೂ

ಮಲ್ಪೆಯಲ್ಲಿ ನಮ್ಮದೊಂದು ಆಳಸಮುದ್ರ ಮೀನುಗಾರಿಕೆ ಬೋಟ್ ಉಂಟು, ಸ್ಟೀಲ್ ಬಾಡಿ. ಹೋದ ವರ್ಷ ಮಳೆಗಾಲದ ರಜೆಯಲ್ಲಿ ಅದರ ಕ್ಯಾಬಿನ್ ಒಳಗಿನ ಬಂಕು (ಮಲಗೋ ಹಲಗೆ ಮಂಚ), ಕುಶನ್, ಸೀಲಿಂಗ್ ಎಲ್ಲ ಕಿತ್ತು ನಾವೇ ಹೊಸದಾಗಿ ಮಾಡಿದ್ದು. ಈಗ ಆಗಸ್ಟಿಂದ ಮೇ ತನಕ ಪೂರ್ತಿ ಸೀಸನ್ ದುಡಿದು ಬೋಟ್ ಮತ್ತೆ ದಕ್ಕೆಯಲ್ಲಿ ನಿಂತಿದೆ, ಹಾಗಾಗಿ ಯಾವ ಸಾಮಾನು ತಡೀತು ಯಾವುದು ಹೋಯ್ತು ಅಂತ ಧೈರ್ಯವಾಗಿ ಹೇಳ್ಬಹುದು. ಹಾಕಿದ ಮರುದಿನ ಫೋಟೋ ತೆಗ್ದು ಐದು ಸ್ಟಾರ್ ಕೊಡೋದೆಲ್ಲ ಲೆಕ್ಕಕ್ಕಿಲ್ಲ ಮಾರಾಯ್ರೆ, ಮರುದಿನ ಎಲ್ಲವೂ ಚೆಂದವೇ ಇರ್ತದೆ.

ನನ್ನ ಅಭಿಪ್ರಾಯ ಇಷ್ಟೇ, ರೆಕ್ಸಿನ್‌ಗೆ ದುಡ್ಡು ಸುರಿಯೋದು ಬೇಡ, ರೆಕ್ಸಿನ್ ಅಡಿಯಲ್ಲಿ ಇರೋದಕ್ಕೆ ಹಾಕಿ. ಅಂಗಡಿಗೆ ಹೋದವರೆಲ್ಲ ಮೊದಲು ನೋಡೋದು ಬಣ್ಣ, ಡಿಸೈನು. ಆದ್ರೆ ಕ್ಯಾಬಿನ್ ಕುಶನ್ ಹಾಳಾಗೋದು ಮೇಲಿಂದ ಅಲ್ಲ, ಅಡಿಯಿಂದ. ಏಳೆಂಟು ಜನ ಹತ್ತು ದಿನ ಅದೇ ಸಣ್ಣ ಕೋಣೆಯಲ್ಲಿ ಉಸಿರಾಡ್ತಾರೆ, ಪಕ್ಕದಲ್ಲೇ ಗಂಟೆಗಟ್ಟಲೆ ಕುಚ್ಚಲಕ್ಕಿ ಬೇಯ್ತಾ ಇರ್ತದೆ, ಒದ್ದೆ ಬಟ್ಟೆ ಅಲ್ಲೇ ನೇತಾಡ್ತದೆ, ರಾತ್ರಿ ಹೊರಗಿನ ಸ್ಟೀಲ್ ತಣ್ಣಗಾದ ಕೂಡ್ಲೇ ಆ ಆವಿ ಎಲ್ಲ ಗೋಡೆಗೆ ಹನಿಯಾಗಿ ಕೂತು ಇಳಿದು ಬಂಕಿನ ಹಿಂದೆ ಹೋಗಿ ಪ್ಲೈ ಕುಡೀತದೆ, ಪ್ಲೈಯಿಂದ ಸ್ಪಂಜಿಗೆ. ಅದ್ರ ಮೇಲೆ ಉಪ್ಪು ಬೇರೆ. ಉಪ್ಪು ಹಿಡಿದ ಸ್ಪಂಜನ್ನ ಬಿಸಿಲಲ್ಲಿ ಒಣಗಿಸಿ ತಂದ್ರೂ ಸಂಜೆಗೆ ಗಾಳಿಯ ನೀರನ್ನ ಎಳ್ಕೊಂಡು ಮತ್ತೆ ಹಸಿ ಹಸಿ.

ಹಳೇ ಕುಶನ್ ಎತ್ತಿದಾಗ ಮೇಲ್ಗಡೆ ರೆಕ್ಸಿನ್ ಒರೆಸಿದ್ರೆ ಇನ್ನೂ ಹೊಳಪಿತ್ತು. ತಿರುಗಿಸಿ ನೋಡಿದ್ರೆ ಅಡಿ ಪೂರ್ತಿ ಕಪ್ಪು ಬೂಸ್ಟು, ಒಳಗಿನ ಹತ್ತಿ ಬಟ್ಟೆ ಉಗುರು ತಾಗಿದ್ರೆ ಪುಡಿ ಆಗ್ತಿತ್ತು, ಸ್ಟೇಪಲ್ ಪಿನ್ ಇದ್ದಲ್ಲೆಲ್ಲ ಕೆಂಪು ಕಲೆ ಮಾತ್ರ, ಪಿನ್ನೇ ಇಲ್ಲ. ಅಂಚಿನ ಪೈಪಿಂಗ್ (ಹೊಲಿಗೆ ಮೇಲೆ ಉಬ್ಬಿ ಬರೋ ಪಟ್ಟಿ) ಸೀಳಿದ್ರೆ ಅದ್ರೊಳಗೆ ಸಾಲಾಗಿ ತಿಗಣೆ. ಕಲಾಸಿಗಳು (ಬೋಟಿನ ಕೆಲಸದವ್ರು) ವರ್ಷವಿಡೀ ಕೆರ್ಕೊಳ್ಳೋದಕ್ಕೆ ಕಾರಣ ಅಲ್ಲಿತ್ತು. ಹಳೇದನ್ನ ಒಂದು ತುಂಡೂ ಇಟ್ಕೊಳ್ಳದೆ ಎಲ್ಲ ಹೊರಗೆ ಹಾಕಿ, ಸ್ಟೀಲ್ ಗೋಡೆ ಸಿಹಿನೀರಲ್ಲಿ ಎರಡೆರಡು ಸಲ ತೊಳೆದು, ತುಕ್ಕು ಕೆರೆದು ಪ್ರೈಮರ್ ಹೊಡೆದ್ಮೇಲೇ ಮುಂದಿನ ಕೆಲಸ ಶುರು.

ಪ್ಲೈ ವಿಷಯ ಸ್ವಲ್ಪ ಉದ್ದ ಹೇಳ್ತೇನೆ ಯಾಕಂದ್ರೆ ಮೋಸ ಇರೋದೇ ಇಲ್ಲಿ. ‘ಮರೀನ್’ (ನೀರು ತಡಿಯೋ, ಬೋಟಿಗೆ ಆಗೋ ಪ್ಲೈ) ಅಂತ ಬಾಯಲ್ಲಿ ಹೇಳೋದು, ಹಾಳೆ ಮೇಲೆ ಪ್ರಿಂಟ್ ಹಾಕೋದು ಏನೂ ಕಷ್ಟ ಇಲ್ಲ. ಐಎಸ್‌ಐ ಗುರುತಿನ ಮೇಲ್ಗಡೆ ಐಎಸ್ 710 ಅಂತ ಇರ್ಬೇಕು, ಕೆಳಗಡೆ ಸಿಎಂ/ಎಲ್ ಅಂತ ಲೈಸೆನ್ಸ್ ನಂಬರ್ ಇರ್ಬೇಕು, ಆ ನಂಬರನ್ನ ಬಿಐಎಸ್ ಕೇರ್ ಆ್ಯಪಲ್ಲಿ ಹಾಕಿದ್ರೆ ಯಾವ ಕಂಪನಿಯದ್ದು, ಲೈಸೆನ್ಸ್ ಜೀವಂತ ಉಂಟಾ ಅಂತ ಗೊತ್ತಾಗ್ತದೆ. ಐಎಸ್ 303 ಅಂತ ಇದ್ರೆ ಅದು ಮನೆ ಕಪಾಟಿಗೆ ಸರಿ, ಬೋಟಿಗಲ್ಲ. 710ಕ್ಕೆ 72 ಗಂಟೆ ಕುದಿಯೋ ನೀರಿನ ಪರೀಕ್ಷೆ ಉಂಟು, ಪದರ ಬಿಡ್ಬಾರ್ದು. ಮೊದಲು ವಿಚಾರಿಸಿದ ಒಂದು ಅಂಗಡಿಯವ್ರು (ಹೆಸರು ಬೇಡ) ಗರ್ಜನ್ ಮರ, ಪಕ್ಕಾ ಮರೀನ್ ಅಂತ ಆಣೆ ಹಾಕಿ ಸ್ಯಾಂಪಲ್ ಕೊಟ್ರು, ಸ್ಟಾಂಪ್ ಮಾತ್ರ ಇಲ್ಲ. ಮನೆಯ ಹಿಂದೆ ಬಿಸಿನೀರಿನ ಹಂಡೆಗೆ ಹಾಕಿ ಒಲೆ ಉರಿಸಿದೆವು, ಮಧ್ಯಾಹ್ನದ ಊಟದ ಹೊತ್ತಿಗೆ ಅದು ಪುಸ್ತಕ ಬಿಡಿಸಿದ ಹಾಗೆ ಬಿಡಿಸ್ಕೊಂಡಿತ್ತು. ಬೇರೆ ಕಡೆಯಿಂದ ತಂದ 12 ಎಂಎಂ 710 ಪ್ಲೈ ತುಂಡು ರಾತ್ರಿ ತನಕ ಕುದ್ರೂ ಅಲ್ಲಾಡ್ಲಿಲ್ಲ. ರೇಟು ಜಾಸ್ತಿ, ಸುಳ್ಳು ಹೇಳೋದಿಲ್ಲ, ಆದ್ರೆ ಒಂದು ಸೀಸನ್ ಆದ್ಮೇಲೆ ಬಂಕ್ ಹಲಗೆ ಎತ್ತಿ ನೋಡಿದ್ರೆ ಹಾಗೇ ಉಂಟು, ಹತ್ತಕ್ಕೆ ಹತ್ತು.

ಒಳ್ಳೇ ಪ್ಲೈ ಆದ್ರೂ ನೀರು ಒಳಗೆ ಹೋಗೋದು ಕೊಯ್ದ ಅಂಚಿನಿಂದ, ಅದಕ್ಕೆ ಎಪಾಕ್ಸಿ (ಎರಡು ಭಾಗ ಕಲಸಿ ಹಚ್ಚೋ, ಗಟ್ಟಿ ಆಗೋ ರೆಸಿನ್) ಹಚ್ಚಿ. ದಕ್ಕೆಯಲ್ಲಿ ಫೈಬರ್ ಕೆಲಸದವ್ರ ಹತ್ರ ಪಾಲಿಯೆಸ್ಟರ್ ರೆಸಿನ್ ಸುಲಭವಾಗಿ ಸಿಗ್ತದೆ, ಕಮ್ಮಿಗೂ ಆಗ್ತದೆ, ಆದ್ರೆ ಅದು ಮರಕ್ಕೆ ಎಪಾಕ್ಸಿಯಷ್ಟು ಗಟ್ಟಿ ಹಿಡಿಯೋದಿಲ್ಲ. ಮತ್ತೆ ಬಂಕ್ ಹಲಗೆಗೆ ಅಲ್ಲಲ್ಲಿ ಒಂದಿಂಚಿನ ತೂತು ಕೊರೆದೆವು, ತೂತಿನ ಒಳಗಂಚಿಗೂ ಎಪಾಕ್ಸಿ. ಈ ಇಡೀ ಕೆಲಸದಲ್ಲಿ ಅತೀ ಕಮ್ಮಿ ಖರ್ಚು, ಅತೀ ಹೆಚ್ಚು ಲಾಭ ಆದದ್ದು ಈ ತೂತಿಂದ. ಅಡಿಗೆ ಗಾಳಿ ಆಡಿದ್ರೆ ಅರ್ಧ ರೋಗ ಹೋಯ್ತು.

ಸ್ಪಂಜು. ರಿಬಾಂಡೆಡ್ (ಸ್ಪಂಜಿನ ಚೂರುಗಳನ್ನ ಅಂಟಿಸಿ ಒತ್ತಿದ್ದು) ಹಾಕಿ ಗಟ್ಟಿ ಇರ್ತದೆ ಅಂತ ಎಲ್ರೂ ಹೇಳ್ತಾರೆ, ಗಟ್ಟಿಯೇನೋ ಹೌದು, ಆದ್ರೆ ಅದು ಒದ್ದೆ ಆದ್ರೆ ಒಣಗೋ ಕತೆಯೇ ಇಲ್ಲ, ಎತ್ಲಿಕ್ಕೂ ಆಗೋದಿಲ್ಲ. ನಾವು ಹಾಕಿದ್ದು ಅಡಿಗೆ ಒಂದಿಂಚು ಇವಿಎ ಶೀಟು (ಇದು ನೀರು ಕುಡಿಯೋದಿಲ್ಲ, ಚಪ್ಪಲಿ ಅಟ್ಟೆಯ ಜಾತಿ), ಮೇಲೆ ಮೂರಿಂಚು 40 ಡೆನ್ಸಿಟಿ ಪಿಯು ಸ್ಪಂಜು. ಡೆನ್ಸಿಟಿ ಅಂದ್ರೆ ಒಂದು ಘನ ಮೀಟರಿಗೆ ಎಷ್ಟು ಕೆಜಿ ಅಂತ, ಅಂಗಡಿಯಲ್ಲಿ 40 ಅಂತ ಹೇಳಿ 28 ಕೊಡೋರಿದ್ದಾರೆ, ಹಾಳೆ ಅಳೆದು ತೂಕ ಹಾಕಿದ್ರೆ ಲೆಕ್ಕ ಸಿಗ್ತದೆ, ನಾಚ್ಕೊಳ್ಳದೆ ತಕ್ಕಡಿ ಕೇಳಿ. ಕೊಯ್ಲಿಕ್ಕೆ ಮೀನು ಕೊಯ್ಯೋ ಉದ್ದ ಚೂರಿಯೇ ಸಾಕಾಯ್ತು. ಕವರಿನ ಅಳತೆಗಿಂತ ಸ್ಪಂಜು ಅರ್ಧ ಇಂಚು ದೊಡ್ಡದಿರ್ಲಿ, ಆಗ ಕವರ್ ಬಿಗಿಯಾಗಿ ಕೂರ್ತದೆ, ಇಲ್ದಿದ್ರೆ ತಿಂಗಳೊಳಗೆ ಸುಕ್ಕು. ತುರುಕೋವಾಗ ಸ್ಪಂಜಿಗೆ ತೆಳು ಪ್ಲಾಸ್ಟಿಕ್ ಸುತ್ತಿ, ಜಾರಿ ಒಳಗೆ ಹೋಗ್ತದೆ, ಆಮೇಲೆ ಪ್ಲಾಸ್ಟಿಕ್ ಎಳೆದು ತೆಗೀರಿ, ಒಳಗೇ ಬಿಟ್ರೆ ಬೆವರು ಅಲ್ಲೇ ನಿಲ್ತದೆ.

ಈಗ ರೆಕ್ಸಿನ್‌ಗೆ ಬಂದ್ರೆ, ‘ಮರೀನ್ ಗ್ರೇಡ್’ ಒಂದು ಬಣ್ಣ, ಸಾದಾ ಕಾರ್ ಸೀಟಿನದ್ದು ಇನ್ನೊಂದು, ಎರಡೂ ಹಾಕಿ ನೋಡಿದೆವು. ಮರೀನಿನದ್ದರಲ್ಲಿ ಬಿಸಿಲು ತಡಿಯೋ, ಬೂಸ್ಟು ಬಾರದ ಕೆಮಿಕಲ್ ಸೇರಿಸಿರ್ತಾರೆ. ಹೊರಗೆ ಡೆಕ್ಕಲ್ಲಿ ಕೂರೋ ಜಾಗಕ್ಕೆ ಅದು ಬೇಕೇ ಬೇಕು, ಆದ್ರೆ ಕ್ಯಾಬಿನ್ ಒಳಗೆ ಬಿಸಿಲೆಲ್ಲಿಂದ? ಒಳಗೆ ನೋಡ್ಬೇಕಾದದ್ದು ಹಿಂದಿನ ಬಟ್ಟೆ ಮಾತ್ರ, ಹತ್ತಿ ಬೇಡ, ಪಾಲಿಯೆಸ್ಟರ್ ಇರ್ಲಿ. ಪಾಲಿಯೆಸ್ಟರ್ ಬೆನ್ನಿನ ಸಾದಾ ರೆಕ್ಸಿನ್ ನಮ್ಮ ಬಂಕಲ್ಲಿ ಮರೀನಿನದ್ದರಷ್ಟೇ ಚೆನ್ನಾಗಿ ಬಂತು, ಎರಡಕ್ಕೂ ಹತ್ತಕ್ಕೆ ಎಂಟು. ಎರಡು ಅಂಕ ಕಳೆದದ್ದು ತಲೆ ಇಡೋ ಕಡೆಗೆ. ಅಲ್ಲಿ ಎರಡೂ ಗಡಸಾಗಿ ಬಿರುಕು ಬಿಡ್ಲಿಕ್ಕೆ ಶುರು ಆಗಿದೆ, ಕಾರಣ ತೆಂಗಿನೆಣ್ಣೆ! ತಲೆಗೆ ಎಣ್ಣೆ ಹಾಕಿ ದಿನಾ ಅಲ್ಲೇ ಮಲಗಿದ್ರೆ ರೆಕ್ಸಿನ್ ಒಳಗಿನ ಮೃದುತನ ಹೋಗ್ತದೆ. ಡೀಸೆಲ್, ಥಿನ್ನರ್ ತಾಗಿದ್ರೂ ಅದೇ ಕತೆ.

ಇನ್ನೊಂದು ದೂರು ನಮ್ಮ ತಾಂಡೇಲರದ್ದು (ಬೋಟ್ ನಡೆಸೋರು). ಎರಡನೇ ಟ್ರಿಪ್ ಮುಗಿಸಿ ಬಂದವ್ರು “ಧಣಿ, ನೋಡ್ಲಿಕ್ಕೆ ಲಾಯ್ಕ್ ಉಂಟು, ಮಲಗಿದ್ರೆ ಬೆನ್ನಿಗೆ ಅಂಟ್ತದೆ. ಬಟ್ಟೆ ಹಾಕಿ ಕೊಡಿ” ಅಂದ್ರು. ಹೌದಲ್ವಾ, ರೆಕ್ಸಿನ್ ನಮಗೆ ಒರೆಸ್ಲಿಕ್ಕೆ ಸುಲಭ, ಮಲಗೋದು ಅವ್ರು. ಮನೆಯಲ್ಲಿ ಅಮ್ಮ ದಪ್ಪ ಹತ್ತಿ ಬಟ್ಟೆಯಲ್ಲಿ ಮೇಲುಚೀಲ ಹೊಲಿದು ಕೊಟ್ರು, ಎರಡು ಸೆಟ್ಟು, ಬೋಟ್ ಬಂದ ಕೂಡ್ಲೇ ಬದಲಿ ಮಾಡಿ ತೊಳೆಯೋದು. ತಲೆ ಕಡೆಯ ಎಣ್ಣೆಗೂ ಅದೇ ಮದ್ದು.

ಹೊಲಿಗೆಗೆ ಮನೆ ಮಿಷನ್ ಆಗೋದಿಲ್ಲ. ರಿಕ್ಷಾ ಟಾಪ್ ಹೊಲಿಯೋ ದೋಸ್ತನ ಹತ್ರ ವಾಕಿಂಗ್ ಫೂಟ್ ಮಿಷನ್ (ದಪ್ಪ ಪದರವನ್ನ ಮೇಲಿಂದಲೂ ಹಿಡಿದು ಮುಂದೆ ಎಳೆಯೋದು) ಇತ್ತು, ಸಂಜೆ ಅವನ ಕೆಲಸ ಮುಗಿದ್ಮೇಲೆ ಅಲ್ಲೇ ಕೂತು ಹೊಲಿದದ್ದು. 18 ನಂಬರ್ ಸೂಜಿ, ಹೊಲಿಗೆ ಉದ್ದ 4 ಎಂಎಂ, ಅದಕ್ಕಿಂತ ಹತ್ರ ಹತ್ರ ಹೊಲಿದ್ರೆ ತೂತಿನ ಸಾಲಲ್ಲೇ ರೆಕ್ಸಿನ್ ಹರೀತದೆ. ಫೂಟಿಗೆ ಅಂಟಿ ಎಳೆದ್ರೆ ಸ್ವಲ್ಪ ಪೌಡರ್ ಉದುರಿಸಿ. ನೂಲು ಬಾಂಡೆಡ್ ಪಾಲಿಯೆಸ್ಟರ್ ತಗೊಂಡದ್ದು, ಒಂದು ಕಡೆಯೂ ಬಿಟ್ಟಿಲ್ಲ. ಚೈನು ಪ್ಲಾಸ್ಟಿಕ್ಕಿನದ್ದೇ ಇರ್ಲಿ, ಅದ್ರ ಎಳೆಯೋ ತುಂಡೂ ಸಹ ಪ್ಲಾಸ್ಟಿಕ್ಕೇ, ಅದೊಂದು ಕಬ್ಬಿಣದ್ದಾದ್ರೆ ದೀಪಾವಳಿ ಹೊತ್ತಿಗೆ ಜಾಮ್. ಪೈಪಿಂಗ್ ಹಾಕ್ಲೇ ಇಲ್ಲ, ತಿಗಣೆಗೆ ಮನೆ ಕಟ್ಟಿ ಕೊಡೋದ್ಯಾಕೆ. ಸ್ಟೇಪಲ್ ಪಿನ್ ಸ್ಟೇನ್‌ಲೆಸ್ ಕೇಳಿ ತಗೊಳ್ಳಿ, ಉಡುಪಿಯಲ್ಲಿ ಸಿಗ್ಲಿಲ್ಲ, ಆನ್‌ಲೈನಲ್ಲಿ ತರಿಸಿದ್ದು.

ಗಮ್ಮು ಮಾತ್ರ ನಮ್ಮ ಮಳೆಗಾಲಕ್ಕೆ ಹೇಳಿದ್ದಲ್ಲ. ಫೆವಿಕಾಲ್ ಎಸ್‌ಆರ್ 998 ಬಳಸಿದೆವು, ಗಮ್ಮು ಒಳ್ಳೇದೇ, ಎರಡೂ ಕಡೆ ಹಚ್ಚಿ ಬೆರಳಿಗೆ ಅಂಟದಷ್ಟು ಒಣಗಿದ್ಮೇಲೆ ಒತ್ತಬೇಕು. ಆದ್ರೆ ಜುಲೈಯ ಗಾಳಿಯಲ್ಲಿ ಅದ್ರ ಸಾಲ್ವೆಂಟ್ ಆವಿಯಾಗ್ತಾ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಅದ್ರ ಮೇಲೇ ಕೂರ್ತದೆ, ನೋಡ್ಲಿಕ್ಕೆ ಮಬ್ಬು ಬಿಳಿ, ಅಂಥದ್ದನ್ನ ಒತ್ತಿದ್ರೆ ಹಿಡಿಯೋದಿಲ್ಲ. ಮಳೆ ಹೊಳವಾಗಿ ಬಿಸಿಲು ಬಂದ ದಿನ ಮಾತ್ರ ಗಮ್ಮಿನ ಕೆಲಸ ಇಟ್ಕೊಳ್ಳಿ. ಒಣಗ್ಲಿ ಅಂತ ಹ್ಯಾಲೊಜನ್ ಲೈಟ್ ಇಡೋದು, ಬೀಡಿ ಹಚ್ಚೋದು, ಗ್ಯಾಸ್ ಒಲೆ ಉರಿಸೋದು ಬೇಡ್ವೇ ಬೇಡ, ಆ ಸಾಲ್ವೆಂಟ್ ಆವಿಗೆ ಬೆಂಕಿ ಹತ್ತಿದ್ರೆ ಕ್ಯಾಬಿನ್ನಿಂದ ಹೊರಗೆ ಬರ್ಲಿಕ್ಕೆ ಇರೋದು ಒಂದೇ ಬಾಗ್ಲು.

ಸೀಲಿಂಗಿಗೆ ಸ್ಟೀಲ್ ಫ್ರೇಮುಗಳ ನಡುವೆ ನೈಟ್ರೈಲ್ ರಬ್ಬರ್ ಶೀಟ್ ಅಂಟಿಸಿ (ಎಸಿ ಪೈಪಿಗೆ ಸುತ್ತೋದು ನೋಡಿ, ಅದೇ), ಅದ್ರ ಕೆಳಗೆ ಪಿವಿಸಿ ಪ್ಯಾನೆಲ್ ಸ್ಕ್ರೂ ಹೊಡೆದು ಕೂರಿಸಿದ್ದು. ಹನಿ ಬೀಳೋದು ನಿಂತಿದೆ ಅಂತ್ಲೇ ಹೇಳ್ಬಹುದು, ಮಧ್ಯಾಹ್ನದ ಸೆಕೆಯೂ ಸ್ವಲ್ಪ ಕಮ್ಮಿ. ಪ್ಯಾನೆಲ್ ನೋಡ್ಲಿಕ್ಕೆ ಮದುವೆ ಹಾಲ್ ಥರ ಕಾಣ್ತದೆ, ನಂಗೆ ಹಿಡಿಸ್ಲಿಲ್ಲ, ತಮ್ಮನ ಆಯ್ಕೆ. ಒಲೆಯ ಹತ್ರ ಮಾತ್ರ ಪಿವಿಸಿ, ಎಸಿಪಿ, ಸ್ಪಂಜು ಯಾವುದೂ ಬೇಡ. ಎಸಿಪಿ ಹೊರಗೆ ಅಲ್ಯೂಮಿನಿಯಂ ಕಂಡ್ರೂ ಒಳಗಿರೋದು ಪ್ಲಾಸ್ಟಿಕ್ಕೇ, ಉರೀತದೆ. ಅಲ್ಲಿಗೆ ಸ್ಟೀಲ್ ಶೀಟು, ಗೋಡೆಗೂ ಶೀಟಿಗೂ ನಡುವೆ ಒಂದು ಬೆರಳು ಗ್ಯಾಪ್.

ಈ ಸಲದ ರಜೆಯಲ್ಲಿ ಕುಶನ್‌ಗೆ ಮಾಡ್ಲಿಕ್ಕೆ ಇರೋದು ಕಮ್ಮಿ, ತಲೆ ಕಡೆಯ ರೆಕ್ಸಿನ್ ಮಾತ್ರ ಬದಲಿಸ್ಬೇಕು, ಸಿಹಿನೀರಿಗೆ ಸ್ವಲ್ಪ ಸಾಬೂನು ಹಾಕಿ ಒರೆಸ್ಬೇಕು, ಬ್ಲೀಚಿಂಗ್ ಪೌಡರ್ ಹತ್ರ ತರ್ಬೇಡಿ ಅಂತ ಕಲಾಸಿಗಳಿಗೆ ಹೇಳಿದ್ದೇವೆ, ಅದು ಹೊಲಿಗೆ ತಿಂತದೆ. ಖರ್ಚು ಎಷ್ಟಾಯ್ತು ಅಂತ ಕೇಳೋರಿಗೆ, ಕುಶನ್ ಅಂಗಡಿಯವ್ರು ಹೇಳಿದ ಕೊಟೇಶನ್ನಿನ ಹೆಚ್ಚುಕಮ್ಮಿ ಅರ್ಧದಲ್ಲಿ ಮುಗೀತು, ಅದ್ರಲ್ಲೂ ದೊಡ್ಡ ಪಾಲು ಪ್ಲೈಗೆ ಹೋದದ್ದು. ಮರದ ಬೋಟಿನವ್ರಿಗೆ ನೈಟ್ರೈಲ್ ಶೀಟಿನ ಖರ್ಚು ಬೇಕಾಗೋದಿಲ್ಲ, ಮರ ಸ್ಟೀಲಿನಷ್ಟು ಬೆವರೋದಿಲ್ಲ, ಆದ್ರೆ ಬಂಕಿಗೆ ತೂತು ಕೊರೆಯೋದು ಬಿಡ್ಬೇಡಿ.