ಸಿಸ್ಟರ್, ಓಕರಿಕೆ ಯಾರಿಗೆ? – ನರ್ಸ್‌ಗಳ ಇಂಗ್ಲಿಷ್ ತರಗತಿಯಲ್ಲಿ ಹನ್ನೆರಡು ವಾರ

ಶುಲ್ಕ 18,000 ರೂಪಾಯಿ, ಪುಸ್ತಕಕ್ಕೆ ಮತ್ತೆ 1,200. ವಾರಕ್ಕೆ ಮೂರು ದಿನ, ಸಂಜೆ ಐದೂವರೆಯಿಂದ ಏಳರವರೆಗೆ. ಜಾಗ ಮಂಗಳೂರಿನ ಒಂದು ಬೇಕರಿಯ ನೆತ್ತಿಯ ಮೇಲೆ, ಎರಡನೇ ಮಹಡಿಯಲ್ಲಿ. ಲಿಫ್ಟ್ ಇದೆ, ನಾನು ಹೋದ ಅಷ್ಟೂ ದಿನ ಕೆಟ್ಟಿತ್ತು. ಕಿಟಕಿ ತೆರೆದರೆ ಕೆಳಗಿನ ಬಾಣಲೆಯ ಹಳೆಯ ಎಣ್ಣೆಯ ಹೊಗೆ ಒಳಗೆ ಬರುತ್ತದೆ, ಮುಚ್ಚಿದರೆ ಮಂಗಳೂರಿನ ಸೆಕೆ. ಸಂಸ್ಥೆಯ ಹೆಸರನ್ನು ಬರೆಯುವುದಿಲ್ಲ. ಅಲ್ಲಿನ ಇಬ್ಬರು ಶಿಕ್ಷಕರ ಮೇಲೆ ನನಗೆ ಗೌರವವಿದೆ, ಆದರೆ ಈ ಬರಹದಲ್ಲಿ ಅರ್ಧ ದೂರೇ ಇದೆ.

ನಾನು ಸುಳ್ಯ ತಾಲ್ಲೂಕಿನವಳು. ಹನ್ನೊಂದು ವರ್ಷದಿಂದ ಸ್ಟಾಫ್ ನರ್ಸ್, ಅದರಲ್ಲಿ ಐದು ವರ್ಷ ಕೀಮೋಥೆರಪಿಯ ಡೇ ಕೇರ್ ವಾರ್ಡಿನಲ್ಲಿ. ಇಂಗ್ಲೆಂಡಿಗೆ ಹೋಗಬೇಕೆಂದು ಮನೆಯಲ್ಲಿ ತೀರ್ಮಾನವಾದ ಮೇಲೆ ಓಇಟಿ ಎಂಬ ಪರೀಕ್ಷೆಗೆ ಓದಲು ಈ ತರಗತಿಗೆ ಸೇರಿದೆ. ವೈದ್ಯರು, ನರ್ಸ್‌ಗಳು, ಫಿಸಿಯೋಥೆರಪಿಸ್ಟ್‌ಗಳಂಥವರಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆ ಅದು. ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಎಂದು ನಾಲ್ಕು ಭಾಗ. ಪ್ರತಿಯೊಂದಕ್ಕೂ 500ರವರೆಗೆ ಅಂಕ. ಬ್ರಿಟನ್ನಿನ ನರ್ಸಿಂಗ್ ಮಂಡಳಿ ಮೂರು ಭಾಗಗಳಲ್ಲಿ 350, ಬರವಣಿಗೆಯಲ್ಲಿ 300 ಕೇಳುತ್ತದೆ. ಬರವಣಿಗೆಯೆಂದರೆ ರೋಗಿಯೊಬ್ಬರ ಕೇಸ್ ಟಿಪ್ಪಣಿಗಳನ್ನು ಕೊಟ್ಟು, ಅದನ್ನು ಓದಲು ಐದು ನಿಮಿಷ, ಇನ್ನೊಬ್ಬ ವೈದ್ಯರಿಗೋ ನರ್ಸ್‌ಗೋ ಪತ್ರ ಬರೆಯಲು ನಲವತ್ತು ನಿಮಿಷ ಕೊಡುತ್ತಾರೆ. ಮಾತಿನ ಭಾಗದಲ್ಲಿ ಒಬ್ಬರು ರೋಗಿಯಂತೆ ನಟಿಸುತ್ತಾರೆ, ನಾವು ನಾವಾಗಿಯೇ ಇರಬೇಕು. ಇಷ್ಟು ಸಾಕು, ಉಳಿದದ್ದನ್ನು ಎಲ್ಲ ತರಗತಿಯವರೂ ಕರಪತ್ರದಲ್ಲಿ ಅಚ್ಚು ಹಾಕಿಸಿರುತ್ತಾರೆ.

ಬರವಣಿಗೆಯನ್ನು ಕಲಿಸುವವರು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು. ಬಿಳಿ ಅಂಗಿ, ಜೇಬಿನಲ್ಲಿ ಕೆಂಪು ಪೆನ್ನು ಎರಡು. ಎರಡನೇ ವಾರದಲ್ಲಿ ನಾನು ಬರೆದ ಮೊದಲ ಪತ್ರವನ್ನು ಅವರು ಇಡೀ ತರಗತಿಯ ಮುಂದೆ ಎತ್ತಿ ಹಿಡಿದರು. ಕೀಮೋ ಪಡೆದ ಹೆಂಗಸೊಬ್ಬರು ಮರುದಿನ ಬೆಳಿಗ್ಗೆ ‘ನಾಸಿಯಸ್’ ಆಗಿದ್ದರು ಎಂದು ಬರೆದಿದ್ದೆ. ಆ ಪದದ ಸುತ್ತ ಎರಡು ಸುತ್ತು ಕೆಂಪು.

“ಸಿಸ್ಟರ್, ಓಕರಿಕೆ ಯಾರಿಗೆ?” ಎಂದು ಕೇಳಿದರು.

“ರೋಗಿಗೆ, ಸರ್.”

“ನೀವು ಬರೆದಿರುವ ಪ್ರಕಾರ ರೋಗಿಗೆ ಅಲ್ಲ. ಅವರನ್ನು ನೋಡಿದವರಿಗೆ.”

ಎಲ್ಲರೂ ನಕ್ಕರು. ನನಗೆ ಕಿವಿ ಬಿಸಿಯಾಯಿತು. ಮೇಷ್ಟ್ರು ವಿವರಿಸಿದ್ದು ಇಷ್ಟು: ನಾಸಿಯಸ್ ಎಂದರೆ ಓಕರಿಕೆ ಹುಟ್ಟಿಸುವಂಥದ್ದು, ಕೊಳೆತ ಮೀನಿನ ನಾತದ ಹಾಗೆ. ಓಕರಿಕೆ ಬಂದವರು ‘ನಾಸಿಯೇಟೆಡ್’. ವಿಷ ತುಂಬಿದ್ದು ಪಾಯ್ಸನಸ್, ವಿಷವೇರಿದವರು ಪಾಯ್ಸನ್ಡ್. ನಮಗೆ ಅರ್ಥವಾಗಲೆಂದು ವಾರ್ಡಿನಿಂದಲೇ ಇನ್ನೊಂದು ಉದಾಹರಣೆ ಕೊಟ್ಟರು. ಸೋಂಕು ತಗುಲಿದ ಗಾಯ ಇನ್‌ಫೆಕ್ಟೆಡ್, ಸೋಂಕು ಹರಡಬಲ್ಲ ರೋಗಿ ಇನ್‌ಫೆಕ್ಷಿಯಸ್. ಅದು ನನಗೆ ತಟ್ಟನೆ ಹಿಡಿಯಿತು. ಆ ಎರಡು ಪದ ಅದಲು ಬದಲಾದರೆ ಒಬ್ಬರನ್ನು ಸುಮ್ಮನೆ ಪ್ರತ್ಯೇಕ ಕೋಣೆಗೆ ಹಾಕುತ್ತೇವೆ, ಪ್ರತ್ಯೇಕ ಕೋಣೆ ಬೇಕಾದವರನ್ನು ಎಂಟು ಜನರ ನಡುವೆ ಮಲಗಿಸುತ್ತೇವೆ.

ಅವರ ಪಾಠದಲ್ಲಿ ಚಂದದ ತಿರುವುಗಳೂ ಇರುತ್ತವೆ. ನಾಸಿಯಾ ಎಂಬುದು ಗ್ರೀಕರ ಹಡಗಿನಿಂದ ಬಂದದ್ದಂತೆ, ಅವರ ‘ನಾಸ್’ ಎಂದರೆ ಹಡಗು, ನಮ್ಮ ನೌಕೆಗೆ ದಾಯಾದಿ. ಸಮುದ್ರದ ಮೇಲೆ ಹೊಟ್ಟೆ ತೊಳಸುವುದೇ ಮೊದಲ ಅರ್ಥ. ಮಲ್ಪೆಯಿಂದ ಬರುವ ಹುಡುಗಿಯೊಬ್ಬಳು, “ಸರ್, ನಮ್ಮ ಅಪ್ಪ ಮೊದಲ ಸಲ ಬೋಟಿನಲ್ಲಿ ಹೋದಾಗ ಮೂರು ದಿನ ಏನೂ ತಿನ್ನಲಿಲ್ಲವಂತೆ” ಎಂದಳು. ಮೇಷ್ಟ್ರಿಗೆ ಬಹಳ ಖುಷಿಯಾಯಿತು. ಅದೇ ಹುಡುಗಿ ಕಿಟಕಿಯ ಕಡೆ ಕೈ ತೋರಿಸಿ, “ಹಾಗಾದರೆ ಬೇಕರಿಯ ಹೊಗೆ ನಾಸಿಯಸ್, ನಾವು ನಾಸಿಯೇಟೆಡ್” ಎಂದದ್ದು ಹನ್ನೆರಡು ವಾರದಲ್ಲಿ ನಾನು ಕೇಳಿದ ಅತ್ಯುತ್ತಮ ಉತ್ತರ.

ಆದರೆ ಈ ಒಂದು ಪದಕ್ಕೆ ಎರಡು ಸಂಜೆ ಹೋಯಿತು. ಪುಸ್ತಕದಲ್ಲಿ ಮೂರು ಪುಟ, ಇಪ್ಪತ್ತೈದು ಬಿಟ್ಟ ಸ್ಥಳ ತುಂಬುವ ಪ್ರಶ್ನೆ. “ಈ ತಪ್ಪಿಗೆ ಅಂಕ ಹೋಗುತ್ತದೆ” ಎಂದು ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿದೆ. ನನಗೆ ಅನುಮಾನ ಬಂದದ್ದು ಬಸ್ಸಿನಲ್ಲಿ, ಮೊಬೈಲಿನಲ್ಲಿ ನಿಘಂಟು ತೆರೆದಾಗ. ಇಂದಿನ ನಿಘಂಟುಗಳು ನಾಸಿಯಸ್‌ಗೆ ಎರಡೂ ಅರ್ಥ ಕೊಡುತ್ತವೆ. ಓಕರಿಕೆ ಬಂದವರು ಎಂಬುದನ್ನು ಮೊದಲು ಕೊಡುವ ನಿಘಂಟೂ ಇದೆ. ಹುಟ್ಟಿಸುವಂಥದ್ದು ಎಂಬುದಕ್ಕೆ ಈಗ ಜನ ‘ನಾಸಿಯೇಟಿಂಗ್’ ಎನ್ನುತ್ತಾರೆ. ಮೇಷ್ಟ್ರ ತಮಾಷೆಯೂ ಅವರದಲ್ಲ, ಅಮೆರಿಕದ ಹಳೆಯ ಶೈಲಿ ಕೈಪಿಡಿಗಳಲ್ಲಿ ಅದು ಆಗಲೇ ಇದೆ. ಕಳೆದ ಶತಮಾನದಲ್ಲಿ ಪದ ನಡೆದುಬಿಟ್ಟಿದೆ, ಕೈಪಿಡಿ ನಿಂತಲ್ಲೇ ನಿಂತಿದೆ.

ಮುಂದಿನ ತರಗತಿಯಲ್ಲಿ ಧೈರ್ಯ ಮಾಡಿ ಕೇಳಿದೆ: “ಸರ್, ಹಾಗಾದರೆ ಆಂಕ್ಷಿಯಸ್ ಎಂದರೆ ನೋಡಿದವರಿಗೆ ಆತಂಕ ಹುಟ್ಟಿಸುವ ರೋಗಿಯೇ?”

ಮೇಷ್ಟ್ರು ಕನ್ನಡಕ ತೆಗೆದರು, ಒರೆಸಿಕೊಂಡರು, ಮತ್ತೆ ಹಾಕಿಕೊಂಡರು. “ಅದು ಬೇರೆ” ಎಂದರು. ಹೇಗೆ ಬೇರೆ ಎಂದು ಹೇಳಲಿಲ್ಲ. ಆದರೆ ಅಂದಿನಿಂದ ನನ್ನ ಪತ್ರಗಳನ್ನು ಹೆಚ್ಚು ಗಮನವಿಟ್ಟು ತಿದ್ದಿದರು, ಅದನ್ನೂ ಹೇಳಬೇಕು. ಒಂದು ದಿನ ತರಗತಿ ಮುಗಿದ ಮೇಲೆ, “ನೀವು ಹೇಳಿದ್ದು ಸರಿ, ನಿಘಂಟು ಒಪ್ಪುತ್ತದೆ. ಆದರೆ ನಿಮ್ಮ ಪತ್ರ ಓದುವವರು ನನ್ನ ವಯಸ್ಸಿನವರಾದರೆ?” ಎಂದರು. ಇದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಈಗ ನಾನು ನಾಸಿಯೇಟೆಡ್ ಎಂದೇ ಬರೆಯುತ್ತೇನೆ, ಅದನ್ನು ತಪ್ಪು ಎನ್ನುವವರು ಯಾರೂ ಇಲ್ಲ. ಇನ್ನೂ ಸುಲಭದ ದಾರಿ ಎಂದರೆ ವಾರ್ಡಿನಲ್ಲಿ ಬರೆಯುವಂತೆ ನಾಸಿಯಾ ಎಂಬ ನಾಮಪದವನ್ನೇ ಬಳಸುವುದು. ಹನ್ನೊಂದು ವರ್ಷ ಕೇಸ್ ಶೀಟಿನಲ್ಲಿ ‘ನಾಸಿಯಾ ಇದೆ, ವಾಂತಿ ಮೂರು ಸಲ, ಒಂಡಾನ್ಸೆಟ್ರಾನ್ 4 ಮಿಲಿಗ್ರಾಂ ಕೊಟ್ಟಿದೆ’ ಎಂದು ಬರೆದವಳಿಗೆ ವಿಶೇಷಣ ಬೇಕಾದದ್ದೇ ಈ ಪರೀಕ್ಷೆಗಾಗಿ.

ಈ ಗೊಂದಲ ಕನ್ನಡದಲ್ಲಿ ಹುಟ್ಟುವುದೇ ಇಲ್ಲ. ನಮ್ಮ ರೋಗಿಗಳು “ನಾನು ಹೀಗಿದ್ದೇನೆ” ಎನ್ನುವುದಿಲ್ಲ, “ನನಗೆ ಹೀಗಾಗುತ್ತಿದೆ” ಎನ್ನುತ್ತಾರೆ. ನನಗೆ ಓಕರಿಕೆ ಬರುತ್ತಿದೆ, ಹೊಟ್ಟೆ ತೊಳಸುತ್ತಿದೆ, ತಲೆ ಸುತ್ತುತ್ತಿದೆ. ಬರುವುದು ಓಕರಿಕೆ, ಅದು ಬರುವುದು ನನಗೆ. ಯಾರು ಹುಟ್ಟಿಸಿದರು, ಯಾರಿಗೆ ಹುಟ್ಟಿತು ಎಂಬ ಪ್ರಶ್ನೆಗೆ ಜಾಗವಿಲ್ಲ. ನಮ್ಮ ತೊಡಕು ಬೇರೆ ಕಡೆ ಇದೆ. ಕೆಲವರು “ಸಂಕಟವಾಗುತ್ತಿದೆ” ಎನ್ನುತ್ತಾರೆ. ಅದು ಹೊಟ್ಟೆಯದೋ, ಎದೆಯದೋ, ಮನಸ್ಸಿನದೋ ಎಂದು ಮತ್ತೆ ಕೇಳಬೇಕು. ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿ ಹೋಗುತ್ತಿರುವಾಗ ಸಂಕಟವೆಂದರೆ ಹೆಚ್ಚಾಗಿ ವಾಂತಿಗೆ ಕಿಡ್ನಿ ಟ್ರೇ ಹಿಡಿಯಬೇಕು. ಆದರೆ ಒಂದು ಸಲ ಅಜ್ಜಿಯೊಬ್ಬರಿಗೆ ಟ್ರೇ ಹಿಡಿದಾಗ ಅವರು ಅದನ್ನು ಪಕ್ಕಕ್ಕೆ ಸರಿಸಿ, ಮಗ ಫೋನ್ ಮಾಡಿಲ್ಲ ಎಂದು ಅತ್ತರು.

ಮೇಷ್ಟ್ರಿಗೆ ಗೊತ್ತಿಲ್ಲದ ಒಂದು ಸಂಗತಿ ಕೀಮೋ ವಾರ್ಡಿನವರಿಗೆಲ್ಲ ಗೊತ್ತು. ಮೂರು ನಾಲ್ಕು ಸುತ್ತು ಔಷಧಿ ಆದವರಲ್ಲಿ ಕೆಲವರಿಗೆ ಸೂಜಿ ಚುಚ್ಚುವ ಮೊದಲೇ ವಾಂತಿ ಬರುತ್ತದೆ. ಆಸ್ಪತ್ರೆಯ ಗೇಟು ಕಂಡರೆ ಸಾಕು, ಸ್ಪಿರಿಟ್‌ನ ವಾಸನೆ ಬಂದರೆ ಸಾಕು, ನನ್ನ ಸಮವಸ್ತ್ರ ಕಂಡರೂ ಸಾಕು. ಒಬ್ಬರು ಒಮ್ಮೆ ಮಾರುಕಟ್ಟೆಯಲ್ಲಿ ನನ್ನನ್ನು ಕಂಡು ಮುಖ ತಿರುಗಿಸಿ ಓಡಿದರು. ಮುಂದಿನ ಸರದಿಗೆ ಬಂದಾಗ, “ಸಿಸ್ಟರ್, ತಪ್ಪು ತಿಳಿಯಬೇಡಿ, ನಿಮ್ಮನ್ನು ಕಂಡರೆ ಓಕರಿಕೆ ಬರುತ್ತದೆ” ಎಂದು ಕೈ ಮುಗಿದರು. ಮೇಷ್ಟ್ರ ವ್ಯಾಕರಣದ ಪ್ರಕಾರ ಅಂದು ನಾಸಿಯಸ್ ಆಗಿದ್ದವಳು ನಾನು.

ಇನ್ನು ಮಾತಿನ ತರಗತಿ. ಅದನ್ನು ತೆಗೆದುಕೊಳ್ಳುವವರು ಇಂಗ್ಲೆಂಡಿನಲ್ಲಿ ಆರು ವರ್ಷ ಕೆಲಸ ಮಾಡಿ ಮರಳಿದ ನರ್ಸ್. ಅವರನ್ನು ಎಲ್ಲರೂ ಚೇಚಿ, ಅಂದರೆ ಮಲಯಾಳದಲ್ಲಿ ಅಕ್ಕ, ಎನ್ನುತ್ತೇವೆ, ಕಾಸರಗೋಡಿನ ಕಡೆಯವರು. ಪುಸ್ತಕವನ್ನು ಅವರು ಹೆಚ್ಚಾಗಿ ತೆರೆಯುವುದೇ ಇಲ್ಲ. ಏಳನೇ ವಾರದಲ್ಲಿ ಅವರು ರೋಗಿಯಾಗಿ ಕುಳಿತು, ರಾತ್ರಿ ತಾನು ಎರಡು ಸಲ ‘ಸಿಕ್’ ಆದೆ ಎಂದರು. ನಾನು ನಗುಮುಖದಿಂದ, “ಏನು ಕಾಯಿಲೆಯಾಗಿತ್ತು?” ಎಂದು ಇಂಗ್ಲಿಷಿನಲ್ಲಿ ಕೇಳಿದೆ.

ಚೇಚಿ ನಟನೆ ನಿಲ್ಲಿಸಿದರು. “ಇಲ್ಲಿಯೇ ನೀವು ರೋಗಿಯನ್ನು ಕಳೆದುಕೊಂಡಿರಿ” ಎಂದರು.

ನಮಗೆ ಸಿಕ್ ಎಂದರೆ ಕಾಯಿಲೆ, ಸಿಕ್ ಲೀವ್ ಎಂದರೆ ರಜೆ. ಬ್ರಿಟನ್ನಿನಲ್ಲಿ ಸಿಕ್ ಆದೆ ಎಂದರೆ ವಾಂತಿ ಮಾಡಿದೆ. ಸಿಕ್ ಅನ್ನಿಸುತ್ತಿದೆ ಎಂದರೆ ಹೊಟ್ಟೆ ತೊಳಸುತ್ತಿದೆ. ಮಲಗಿದ ರೋಗಿ ಎರಡು ಸಲ ವಾಂತಿ ಮಾಡಿದೆ ಎಂದು ಹೇಳುತ್ತಿದ್ದರೆ, ನಾನು ಅದರ ಬಣ್ಣ ಕೇಳಬೇಕು, ರಕ್ತವಿತ್ತೇ ಕೇಳಬೇಕು, ನೀರು ಹೊಟ್ಟೆಯಲ್ಲಿ ನಿಲ್ಲುತ್ತಿದೆಯೇ ಕೇಳಬೇಕು. ಅದನ್ನು ಬಿಟ್ಟು ಯಾವ ಕಾಯಿಲೆ ಎಂದು ಕೇಳಿದ್ದೆ. ಅಲ್ಲಿನ ಮುದುಕರು ನಾಸಿಯೇಟೆಡ್ ಎನ್ನುವುದನ್ನು ತಾನು ಕೇಳಿದ್ದೇ ಅಪರೂಪ, ಎಲ್ಲರೂ ಸಿಕ್ ಎನ್ನುವವರೇ ಎಂದರು ಚೇಚಿ. ಜೊತೆಗೆ ‘ಪೂರ್‌ಲಿ’ ಎಂಬ ಇನ್ನೊಂದನ್ನು ಹೇಳಿಕೊಟ್ಟರು. ಅದು ನಮ್ಮ ಕಿವಿಗೆ ಬಡತನದಂತೆ ಕೇಳುತ್ತದೆ. ಅಲ್ಲಿ ಅದರ ಅರ್ಥ ಮೈ ಹುಷಾರಿಲ್ಲ ಎಂದು. ಅಲ್ಲಿ ಮೊದಲ ವಾರದಲ್ಲಿ ಒಬ್ಬರು ತಮ್ಮ ಗಂಡ ಬಹಳ ಪೂರ್‌ಲಿ ಎಂದಾಗ, ಪಾಪ, ಹಣದ ತೊಂದರೆ ಇರಬೇಕು ಎಂದುಕೊಂಡರಂತೆ.

ಈ ಪಾಠ ಅರ್ಧ ಗಂಟೆ ನಡೆಯಿತು. ಪುಸ್ತಕದಲ್ಲಿ ಇದಕ್ಕೆ ಒಂದು ಸಾಲೂ ಇಲ್ಲ. ಚೇಚಿಗೆ ಆ ದಿನ ಹಾಗೆ ತೋಚದೆ ಇದ್ದಿದ್ದರೆ ನಮಗೆ ಸಿಗುತ್ತಲೇ ಇರಲಿಲ್ಲ. ನನ್ನ ಮುಖ್ಯ ದೂರು ಇದೇ. ತಪ್ಪೆಂದು ಹೇಳಿದರೂ ಎಲ್ಲರಿಗೂ ಅರ್ಥವಾಗುವ ಪದಕ್ಕೆ ಎರಡು ಸಂಜೆ. ಸರಿಯಾಗಿಯೇ ಕೇಳಿಸಿಕೊಂಡರೂ ನಮಗೆ ಅರ್ಥವಾಗದ ಪದಕ್ಕೆ ಅರ್ಧ ಗಂಟೆ. ಕಚೇರಿಯಲ್ಲಿ ಕುಳಿತಿರುವವರಿಗೆ ಇದನ್ನು ಬರೆದು ಕೊಟ್ಟೆ. “ಮುಂದಿನ ಮುದ್ರಣದಲ್ಲಿ ನೋಡೋಣ ಮೇಡಂ” ಎಂದು ಹೇಳಿ ಚೀಟಿಯನ್ನು ಡ್ರಾಯರಿಗೆ ಹಾಕಿದರು.

ಅಂಕ ಹೋಗುತ್ತದೆ ಎಂಬ ಬೆದರಿಕೆಯ ಬಗ್ಗೆಯೂ ಒಂದು ಮಾತು. ಬರವಣಿಗೆಯನ್ನು ಆರು ಮಾನದಂಡಗಳಿಂದ ಅಳೆಯುತ್ತಾರೆ: ಪತ್ರದ ಉದ್ದೇಶ ತಕ್ಷಣ ತಿಳಿಯುತ್ತದೆಯೇ, ಬೇಕಾದ ವಿಷಯ ಇದೆಯೇ, ಬೇಡದ್ದನ್ನು ಬಿಟ್ಟು ಸ್ಪಷ್ಟವಾಗಿದೆಯೇ, ಧಾಟಿ ಸರಿಯೇ, ಜೋಡಣೆ ಹೇಗಿದೆ, ಕೊನೆಗೆ ಭಾಷೆ. ಒಂದು ಪದಕ್ಕೆ ಇಷ್ಟು ಎಂದು ಕಳೆಯುವ ಲೆಕ್ಕ ಅದಲ್ಲ. ನಮ್ಮ ತರಗತಿಯಲ್ಲಿ ಹೆಚ್ಚಿನವರು ಸೋಲುತ್ತಿದ್ದದ್ದು ಕೇಸ್ ಟಿಪ್ಪಣಿಯಲ್ಲಿದ್ದ ಎಲ್ಲವನ್ನೂ ಪತ್ರಕ್ಕೆ ತುಂಬುವುದರಲ್ಲಿ. ಬಾಲ್ಯದಲ್ಲಿ ಟಾನ್ಸಿಲ್ ತೆಗೆಸಿದ್ದನ್ನೂ ಫಿಸಿಯೋಥೆರಪಿಸ್ಟ್‌ಗೆ ಬರೆಯುತ್ತಿದ್ದೆವು. ಅದನ್ನು ಬಿಡಿಸಿದವರು ಮತ್ತೆ ಅದೇ ಮೇಷ್ಟ್ರು, ಅದೇ ಕೆಂಪು ಪೆನ್ನಿನಿಂದ. ಪ್ರತಿ ಸಾಲಿನ ಪಕ್ಕ “ಇದು ಅವರಿಗೇಕೆ?” ಎಂದು ಬರೆಯುತ್ತಿದ್ದರು. ಹನ್ನೆರಡು ವಾರದಲ್ಲಿ ನನ್ನ ಹದಿನೇಳು ಪತ್ರ ತಿದ್ದಿದ್ದಾರೆ, ಒಂದನ್ನೂ ಓದದೆ ಬಿಟ್ಟಿಲ್ಲ. ಇಷ್ಟು ತಿದ್ದುವವರು ಬೇರೆ ಕಡೆ ಸಿಕ್ಕಿದ್ದಾರೆ ಎಂದು ನನ್ನ ಗೆಳತಿಯರಲ್ಲಿ ಯಾರೂ ಹೇಳಿಲ್ಲ.

ಉಳಿದ ಲೆಕ್ಕ: ಕೇಳುವ ಅಭ್ಯಾಸಕ್ಕೆ ಇರುವ ಹೆಡ್‌ಫೋನ್‌ಗಳಲ್ಲಿ ನಾಲ್ಕಕ್ಕೆ ಒಂದೇ ಕಿವಿ, ನಿಮ್ಮದನ್ನೇ ಒಯ್ಯಿರಿ. ರಾತ್ರಿ ಪಾಳಿಯವರು ತಪ್ಪಿಸಿದ ತರಗತಿಯನ್ನು ಮುಂದಿನ ತಂಡದ ಜೊತೆ ಕೂರಲು ಬಿಡುತ್ತಾರೆ, ಅದಕ್ಕೆ ಹಣ ಕೇಳುವುದಿಲ್ಲ. ಪುಸ್ತಕವನ್ನು ಕೊಳ್ಳಬೇಡಿ, ಹಿಂದಿನ ತಂಡದವರಿಂದ ಕೇಳಿ ಪಡೆಯಿರಿ. ನನ್ನದನ್ನು ಮಲ್ಪೆಯ ಹುಡುಗಿಯ ತಂಗಿಗೆ ಕೊಟ್ಟಾಗಿದೆ, ಮೂರು ಪುಟದ ಅಂಚಿನಲ್ಲಿ ‘ಸಿಕ್’ ಎಂದು ಬರೆದು ಅಡಿಗೆರೆ ಹಾಕಿಟ್ಟಿದ್ದೇನೆ.

ನನಗೆ ಮಾತಿನಲ್ಲಿ 380 ಬಂತು, ಬರವಣಿಗೆಯಲ್ಲಿ 330. ಪರೀಕ್ಷೆಯ ಪತ್ರದಲ್ಲಿ ಓಕರಿಕೆಯ ಪ್ರಸ್ತಾಪವೇ ಇರಲಿಲ್ಲ. ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದಾಗ, “ಬಂದಿದ್ದರೆ ಏನು ಬರೆಯುತ್ತಿದ್ದಿರಿ?” ಎಂದು ಮೊದಲು ಕೇಳಿ, ಆಮೇಲೆ ಅಭಿನಂದನೆ ಹೇಳಿದರು.