ಆರು ವರ್ಷ ಬಳಸಿದ ಗ್ಲೂಕೋಮೀಟರ್: ಮೀಟರಿಗಿಂತ ಸ್ಟ್ರಿಪ್ ಮುಖ್ಯ

ಅಮ್ಮನಿಗೆ ಶುಗರ್ ಅಂತ ಗೊತ್ತಾದ ವಾರವೇ ತಂದ ಮೀಟರ್ ಇದು. ಆರು ವರ್ಷದಲ್ಲಿ ಎರಡು ಸಲ ಸೆಲ್ ಹಾಕಿಸಿದ್ದು ಬಿಟ್ಟರೆ ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಖರ್ಚೆಲ್ಲ ರಕ್ತದ ಹನಿ ತಾಗಿಸಿ ಮೀಟರಿಗೆ ಸಿಕ್ಕಿಸುವ ಸ್ಟ್ರಿಪ್‌ಗೆ. ಮೀಟರ್ ಅಗ್ಗಕ್ಕೆ ಕೊಟ್ಟು ಸ್ಟ್ರಿಪ್ಪಲ್ಲಿ ವಸೂಲಿ ಮಾಡುತ್ತಾರೆ, ಬೇರೆ ಕಂಪನಿಯದು ಇದರಲ್ಲಿ ಕೂರುವುದೂ ಇಲ್ಲ.

ಬೈದುಕೊಂಡರೂ ಒಪ್ಪಲೇಬೇಕು, ಕೆಲಸ ಮಾಡುವುದು ಸ್ಟ್ರಿಪ್ಪೇ. ನಮ್ಮದರ ತುದಿಯಲ್ಲಿ ಗ್ಲೂಕೋಸ್ ಆಕ್ಸಿಡೇಸ್ ಅನ್ನುವ ಕಿಣ್ವ (ಎಂಜೈಮ್) ಹಚ್ಚಿ ಒಣಗಿಸಿರುತ್ತಾರೆ. ಇದನ್ನು ಹೆಚ್ಚಾಗಿ ತೆಗೆಯುವುದು ಆಸ್ಪರ್ಜಿಲಸ್ ನೈಜರ್ ಅನ್ನುವ ಬೂಷ್ಟಿನಿಂದ. ಈರುಳ್ಳಿ ಸಿಪ್ಪೆ ಮೇಲೆ ಕಪ್ಪು ಪುಡಿ ಕಾಣುತ್ತಲ್ಲ, ಅದೇ ಬಳಗ! ಈ ಕಿಣ್ವ ರಕ್ತದ ಗ್ಲೂಕೋಸ್‌ನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ, ಸ್ಟ್ರಿಪ್ಪಿನಲ್ಲೇ ಇರುವ ಇನ್ನೊಂದು ರಾಸಾಯನಿಕ ಅದನ್ನು ಎಲೆಕ್ಟ್ರೋಡಿಗೆ, ಅಂದರೆ ಕರೆಂಟು ಒಯ್ಯುವ ಪಟ್ಟಿಗೆ, ದಾಟಿಸುತ್ತದೆ, ಮೀಟರ್ ಆ ಚೂರು ಕರೆಂಟನ್ನು ಅಳೆದು ನಂಬರ್ ತೋರಿಸುತ್ತದೆ. ಕಿಣ್ವವನ್ನು ಎಲೆಕ್ಟ್ರೋಡಿಗೆ ಜೋಡಿಸುವ ಉಪಾಯವನ್ನು ಅಮೆರಿಕದ ಸಂಶೋಧಕರಾದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ 1962ರಲ್ಲೇ ಹೇಳಿದ್ದರು.

ಕಿಣ್ವಕ್ಕೆ ಗ್ಲೂಕೋಸ್ ಸಿಕ್ಕರೆ ಸಾಕು, ಅದು ಎಲ್ಲಿಂದ ಬಂತು ಅಂತ ಕೇಳುವುದಿಲ್ಲ. ಒಂದು ಮೇ ತಿಂಗಳಲ್ಲಿ ಅಮ್ಮನ ರೀಡಿಂಗ್ 286 ಬಂತು. ನಮಗೆ ಕೈಕಾಲೇ ಆಡಲಿಲ್ಲ. ಆಮೇಲೆ ನೋಡಿದರೆ ಆಗಷ್ಟೇ ಹಲಸಿನ ಹಣ್ಣು ಬಿಡಿಸಿ, ಕೊಬ್ಬರಿ ಎಣ್ಣೆ ಹಚ್ಚಿ ಕೈ ಒರೆಸಿಕೊಂಡು ಬಂದು ಕೂತಿದ್ದಾಳೆ. ಮೇಣ ಹೋಗಿತ್ತು, ಸಕ್ಕರೆ ಹೋಗಿರಲಿಲ್ಲ. ಸೋಪು ಹಾಕಿ ತೊಳೆದು, ಒಣಗಿಸಿ, ಬೇರೆ ಬೆರಳು ಚುಚ್ಚಿದರೆ 151.

ಇನ್ನೊಂದು ಕಾಟ ಮಳೆಗಾಲದ್ದು. ನಮ್ಮದು ತೀರ್ಥಹಳ್ಳಿ ಕಡೆ, ಜುಲೈನಲ್ಲಿ ಉಪ್ಪಿನ ಡಬ್ಬಿಯೇ ನೀರಾಗುತ್ತದೆ. ಒಂದು ರಾತ್ರಿ ಸ್ಟ್ರಿಪ್ ಡಬ್ಬಿ ಮುಚ್ಚಳ ಸರಿಯಾಗಿ ಹಾಕದೆ ಬಿಟ್ಟೆ, ಮಾರನೇ ದಿನದಿಂದ ಒಂದೋ ಎರರ್, ಇಲ್ಲ ಬಾಯಿಗೆ ಬಂದ ನಂಬರ್. ಮೂವತ್ತಕ್ಕೂ ಜಾಸ್ತಿ ಸ್ಟ್ರಿಪ್ ದಂಡ. ಅಂಗಡಿಯವರನ್ನು ಕೇಳಿದರೆ ನಕ್ಕರು. ತೇವ ಹೀರುವ ಪದಾರ್ಥ ಡಬ್ಬಿಯಲ್ಲೇ ಇರುತ್ತದೆ, ಅದಕ್ಕೇ ಸ್ಟ್ರಿಪ್ಪನ್ನು ಬೇರೆ ಡಬ್ಬಿಗೆ ಸುರಿದಿಡಬೇಡಿ.

ಲ್ಯಾಬಿನ ಜೊತೆ ಖಾಲಿ ಹೊಟ್ಟೆಯಲ್ಲಿ ಹೋಲಿಸಿದೆ: ಇಲ್ಲಿ 148, ಅಲ್ಲಿ 137. ಐಎಸ್ಒ (ಅಂತರರಾಷ್ಟ್ರೀಯ ಗುಣಮಟ್ಟ ಸಂಸ್ಥೆ) ನಿಯಮದಲ್ಲೇ ರೀಡಿಂಗ್ 100ರ ಮೇಲಿದ್ದರೆ ಶೇ. 15ರಷ್ಟು ಆಚೀಚೆ ಒಪ್ಪಿಗೆ ಇದೆ. ಸುಮ್ನೆ ಐದಾರು ಅಂಕಿಗೆ ಮತ್ತೆ ಮತ್ತೆ ಚುಚ್ಚಿಕೊಳ್ಳಬೇಡಿ. ಆಕ್ಸಿಜನ್ ಹಾಕಿದ ರೋಗಿಗೆ ಮಾತ್ರ ಈ ಬಗೆಯ ಸ್ಟ್ರಿಪ್ ಕಡಿಮೆ ತೋರಿಸಬಹುದು, ಅಂಥವರ ಮನೆಯವರು ಡಾಕ್ಟರನ್ನು ಕೇಳಿಯೇ ನಂಬಬೇಕು.

ಐದರಲ್ಲಿ ನಾಲ್ಕು ಸ್ಟಾರ್. ಒಂದು ಕಿತ್ತಿದ್ದು ಸ್ಟ್ರಿಪ್ ರೇಟಿಗೆ. ಮೊನ್ನೆ ಮತ್ತೆ 50ರ ಡಬ್ಬಿ ತಂದೆ, ಅಮ್ಮ ಉಪ್ಪಿನಕಾಯಿ ಭರಣಿಗೆ ಚೀಟಿ ಅಂಟಿಸುವ ಹಾಗೆ ಅದರ ಮೇಲೂ ತೆರೆದ ತಾರೀಖು ಬರೆದು ಅಂಟಿಸಿದ್ದಾಳೆ.