ವೈಬ್ರೇಷನ್ ವೀಲನ್ನು ಫೋರ್ಸ್ ಫೀಡ್‌ಬ್ಯಾಕ್ ಅಂತ ಮಾರ್ತಿದ್ದಾರೆ, ದಯವಿಟ್ಟು ಹುಷಾರು
ರೇಸಿಂಗ್ ಸಿಮ್‌ಗೆ (ನಿಜವಾದ ಕಾರು ಓಡಿಸಿದ ಹಾಗಿರೋ ಗೇಮ್‌ಗೆ) ಕಡಿಮೆ ಬೆಲೆಯ ಸ್ಟೀರಿಂಗ್ ವೀಲ್ ಹುಡುಕ್ತಿರೋರು ಆರ್ಡರ್ ಹಾಕೋ ಮುಂಚೆ ಇದನ್ನೊಮ್ಮೆ ಓದಿ. ನನಗಾದ ಮೋಸ ಇನ್ನೊಬ್ಬರಿಗೆ ಆಗೋದು ಬೇಡ. ಫೋರ್ಸ್ ಫೀಡ್‌ಬ್ಯಾಕ್ ಅಂದರೆ ಗೇಮಿನಲ್ಲಿ ಕಾರಿಗೆ ಆಗೋದಕ್ಕೆ ತಕ್ಕಂತೆ ಮೋಟಾರು ವೀಲನ್ನ ಎಳೆದು ಕೈಗೆ ತಿಳಿಸೋದು; ವೈಬ್ರೇಷನ್ ಅಂದರೆ ಬರೀ ನಡುಕ.

ದುಡ್ಡು ಕೊಡೋ ಮುಂಚೆ ನಾನು ಬಿಡಿಸಿ ಕೇಳಿದ್ದೆ: "ಇದರಲ್ಲಿರೋದು ಫೋರ್ಸ್ ಫೀಡ್‌ಬ್ಯಾಕಾ, ಬರೀ ವೈಬ್ರೇಷನ್ನಾ?" ಮಾರೋನ ಉತ್ತರ: "ಫೋರ್ಸ್ ಫೀಡ್‌ಬ್ಯಾಕ್ ಇದೆ ಸರ್. 900 ಡಿಗ್ರಿ ಸರ್. ಎಲ್ಲಾ ಗೇಮಿಗೂ ನಡೆಯುತ್ತೆ ಸರ್." ಆ ಮೆಸೇಜ್ ಇನ್ನೂ ನನ್ನ ಹತ್ರ ಇದೆ.

900 ಡಿಗ್ರಿ ನಿಜ. ವೀಲು ಈ ತುದಿಯಿಂದ ಆ ತುದಿಗೆ ಎರಡೂವರೆ ಸುತ್ತು ತಿರುಗುತ್ತೆ. ಆದರೆ ಎಷ್ಟು ತಿರುಗಿದರೆ ಏನು, ಅದರಲ್ಲಿ ಜೀವವೇ ಇಲ್ಲ! ಅಸೆಟ್ಟೊ ಕೋರ್ಸಾ ಅನ್ನೋ ರೇಸಿಂಗ್ ಗೇಮ್ ಹಾಕಿ ತಿರುವಿನಲ್ಲಿ ಹಿಂದಿನ ಟೈರ್ ಜಾರಿಸಿದೆ. ನಿಜವಾದ ಫೋರ್ಸ್ ಫೀಡ್‌ಬ್ಯಾಕ್ ಇದ್ದರೆ ಆಗ ವೀಲು ತಾನಾಗೇ ಜಾರಿದ ಕಡೆಗೆ ತಿರುಗೋಕೆ ಎಳೆಯುತ್ತೆ. ಮುಂದಿನ ಟೈರ್ ಹಿಡಿತ ಬಿಟ್ಟರೆ ಕೈಯಲ್ಲಿ ಹಗುರಾಗುತ್ತೆ. ಕಣ್ಣಿಗೆ ಕಾಣೋ ಮುಂಚೆ ಕೈಗೆ ಗೊತ್ತಾಗಬೇಕು, ವೀಲ್ ತಗೊಳ್ಳೋದೇ ಅದಕ್ಕೆ. ಇಲ್ಲಿ ಕಾರು ಗಿರಗಿರ ತಿರುಗಿ ಗೋಡೆಗೆ ಹೊಡೆದರೂ ಸ್ಪ್ರಿಂಗ್ ವೀಲನ್ನು ಮಧ್ಯಕ್ಕೆ ತಂದು ನಿಲ್ಲಿಸುತ್ತೆ, ಆಮೇಲೆ ಗುರ್ರ್ ಅಂತ ಒಂದು ನಡುಕ. ಅಷ್ಟೇ. ಹೊಸ ವೀಲ್ ನೋಡು ಬಾ ಅಂತ ಗೆಳೆಯನನ್ನ ಕರೆಸಿದ್ದೆ. ಅವನು ಒಂದು ಲ್ಯಾಪ್ ಓಡಿಸಿ, "ಇದು ಗೇಮ್‌ಪ್ಯಾಡ್ ಥರಾನೇ ಇದೆಯಲ್ಲೋ" ಅಂದ. ಮುಖ ಎಲ್ಲಿಡೋದು ಗೊತ್ತಾಗಲಿಲ್ಲ.

ಅವನು ಹೋದ ಮೇಲೆ ವಿಂಡೋಸ್‌ನಲ್ಲಿ ಗೇಮ್ ಕಂಟ್ರೋಲರ್ ಸೆಟ್ಟಿಂಗ್ ತೆಗೆದೆ. ವೀಲ್‌ನ ಹೆಸರಿರಬೇಕಾದ ಕಡೆ "ಎಕ್ಸ್‌ಬಾಕ್ಸ್ 360 ಕಂಟ್ರೋಲರ್" ಅಂತಿತ್ತು. ಕಂಪ್ಯೂಟರ್ ಪಾಲಿಗೂ ಅದು ಗೇಮ್‌ಪ್ಯಾಡೇ! ಗೇಮ್ ಅದಕ್ಕೆ ನಡುಗು ಅಂತ ಹೇಳಬಹುದು, ಎಳಿ ಅಂತ ಹೇಳೋಕೆ ಆಗಲ್ಲ. ನನ್ನ ಮೈ ಉರಿದದ್ದು ಆಗ.

ಮಾರೋನಿಗೆ ಬರೆದೆ. ಮೊದಲು "ಡ್ರೈವರ್ ಅಪ್‌ಡೇಟ್ ಮಾಡಿ ಸರ್." ಮಾಡಿದೆ. ಆಮೇಲೆ "ಗೇಮಲ್ಲಿ ಫೋರ್ಸ್ ಫೀಡ್‌ಬ್ಯಾಕ್ ಫುಲ್ ಇಡಿ ಸರ್." ಫುಲ್ ಇಟ್ಟೆ, ಗುರ್ರ್ ಜೋರಾಯ್ತು. ಸ್ಕ್ರೀನ್‌ಶಾಟ್ ಕಳಿಸಿದ ಮೇಲೆ ಬಂತು ನೋಡಿ ಉತ್ತರ: "ವೈಬ್ರೇಷನ್, ಫೋರ್ಸ್ ಫೀಡ್‌ಬ್ಯಾಕ್ ಎರಡೂ ಒಂದೇ ಸರ್." ಎರಡೂ ಒಂದೇ ಅಂತೆ! ನಾನು ಕೇಳಿದ್ದ ಪ್ರಶ್ನೆಯೇ ಅದು, ಆಗ ಯಾಕೆ ಹೇಳಲಿಲ್ಲ? ವಾಪಸ್ ತಗೊಳ್ಳಿ ಅಂದರೆ "ಐಟಂ ಕೆಟ್ಟಿಲ್ಲ, ರಿಟರ್ನ್ ಬರಲ್ಲ."

ವಾಪಸ್ ಇಲ್ಲ ಅಂದ ಮೇಲೆ ಬಿಚ್ಚಿದೆ. ಗೇರ್ ಇಲ್ಲ, ಬೆಲ್ಟ್ ಇಲ್ಲ. ಒಂದು ಸ್ಪ್ರಿಂಗ್, ಹೆಬ್ಬೆರಳಿಗಿಂತ ಸಣ್ಣ ಮೋಟಾರು, ಅದರ ತುದಿಗೆ ಅರ್ಧಚಂದ್ರದ ಹಾಗೆ ಒಂದು ಲೋಹದ ತುಂಡು. ಅದು ವಾರೆಯಾಗಿ ಸುತ್ತಿದಾಗ ಬರೋ ನಡುಕವೇ ಇವರ ಫೋರ್ಸ್ ಫೀಡ್‌ಬ್ಯಾಕ್.

ಸ್ಪ್ರಿಂಗ್ ವೀಲ್ ಮಾರೋದು ತಪ್ಪು ಅಂತ ನಾನು ಹೇಳ್ತಿಲ್ಲ. ಥ್ರಸ್ಟ್‌ಮಾಸ್ಟರ್ ಕಂಪನಿಯ ಟಿ80 ವೀಲ್‌ನಲ್ಲೂ ಫೋರ್ಸ್ ಫೀಡ್‌ಬ್ಯಾಕ್ ಇಲ್ಲ, ಇದೆ ಅಂತ ಅವರು ಹೇಳೋದೂ ಇಲ್ಲ. ಸುಳ್ಳು ಹೇಳಿ ಮಾರೋದು ತಪ್ಪು.

ನೀವು ಮೊದಲು ನೋಡಬೇಕಾದ್ದು ಪವರ್ ಅಡಾಪ್ಟರ್. ಕೈಯನ್ನು ಎಳೆಯೋ ಮೋಟಾರಿಗೆ ಬೇರೆ ಕರೆಂಟ್ ಬೇಕೇ ಬೇಕು. ಮಾಮೂಲಿ ಯುಎಸ್‌ಬಿ 2.0 ಪೋರ್ಟ್ ಕೊಡೋದು ಎರಡೂವರೆ ವಾಟ್, ಅದರಲ್ಲಿ ಏನು ಎಳೆಯುತ್ತೆ? ಬರೀ ಯುಎಸ್‌ಬಿ ವೈರ್ ಇದ್ದರೆ ಅಲ್ಲಿಗೇ ಬಿಟ್ಟುಬಿಡಿ. ಎರಡನೆಯದು, ಆನ್ ಮಾಡೋ ವಿಡಿಯೋ ಕೇಳಿ. ಲಾಜಿಟೆಕ್ ಜಿ29 ಥರದ ನಿಜವಾದ ಫೋರ್ಸ್ ಫೀಡ್‌ಬ್ಯಾಕ್ ವೀಲು ಕರೆಂಟ್ ಬಂದ ತಕ್ಷಣ, ಯಾರೂ ಮುಟ್ಟದೆ, ಎಡಕ್ಕೂ ಬಲಕ್ಕೂ ತಾನೇ ತಿರುಗಿ ಮಧ್ಯ ಹುಡುಕಿಕೊಳ್ಳುತ್ತೆ. ಅದನ್ನ ಸುಳ್ಳು ಮಾತಿನಲ್ಲಿ ತೋರಿಸೋಕಾಗಲ್ಲ. ಬಜೆಟ್ ಸಾಲದಿದ್ದರೆ ಒಳ್ಳೆ ಸ್ಥಿತಿಯಲ್ಲಿರೋ ಹಳೇ ಜಿ29 ತಗೊಳ್ಳಿ, ಇಂಥ ಹೊಸದಕ್ಕಿಂತ ಅದು ಎಷ್ಟೋ ವಾಸಿ.

ಅದೇ ವಿಡಿಯೋ ಕಳಿಸಿ ಅಂತ ನನಗೆ ಮಾರಿದವನಿಗೂ ಮೆಸೇಜ್ ಹಾಕಿದೆ. ಓದಿದ್ದಾನೆ, ಉತ್ತರ ಇಲ್ಲ. ಲಿಸ್ಟಿಂಗ್‌ನಲ್ಲಿ ಇವತ್ತಿಗೂ "ಫೋರ್ಸ್ ಫೀಡ್‌ಬ್ಯಾಕ್" ಅಂತಲೇ ಇದೆ.